ಓದುಗರ ಪ್ರಶ್ನೆ: ನಗರ ರಂಗಮಂದಿರ ಮತ್ತು ಹೊರನಾಡಿನ ತಂಡಗಳು

ಪ್ರಶ್ನೆ: ಸರ್ಕಾರದ ಹಣದಿಂದ ನಡೆಯುವ ಜರ್ಮನಿಯ ನಗರ ರಂಗಮಂದಿರಗಳು ವಿದೇಶಿ ತಂಡಗಳನ್ನು ಕರೆಸತೊಡಗಿದರೆ ಅಲ್ಲಿನ ಕಾಯಂ ನಟರ ಗತಿಯೇನು?
– ಓದುಗರೊಬ್ಬರು, ಮಡಿಕೇರಿ

ಉತ್ತರ: ತಮ್ಮ ಆತಂಕ ನಿರಾಧಾರವಲ್ಲ. ಕಾಯಂ ನಟವರ್ಗವೇ ಆ ವ್ಯವಸ್ಥೆಯ ಬೆನ್ನೆಲುಬು. ಮ್ಯೂನಿಕ್‌ನ ನಗರ ರಂಗಮಂದಿರವಾದ ಕಾಮರ್‌ಶ್ಪೀಲೆಯ ಹೊಣೆಯನ್ನು 2015ರಲ್ಲಿ ವಹಿಸಿಕೊಂಡ ಮಥಿಯಾಸ್ ಲಿಲಿಯೆಂಟಾಲ್ ಅವರು ಅಂತರರಾಷ್ಟ್ರೀಯ ಸ್ವತಂತ್ರ ತಂಡಗಳಿಗೆ ಬಾಗಿಲು ತೆರೆದಾಗ, ಮರುವರ್ಷವೇ ಮೂವರು ನಟಿಯರು ಅಲ್ಲಿನ ಕಾಯಂ ತಂಡವನ್ನು ಬಿಡುವುದಾಗಿ ತಿಳಿಸಿದರು. ಬರ್ಲಿನ್‌ನ ಗೋರ್ಕಿ ರಂಗಮಂದಿರದ ದಾರಿ ನನಗೆ ಹೆಚ್ಚು ಒಪ್ಪಿಗೆ: ಅದು ಅತಿಥಿಗಳನ್ನು ಕರೆಸಿ ಕಳುಹಿಸುವುದಕ್ಕಷ್ಟೇ ನಿಲ್ಲದೆ, 2016ರಲ್ಲಿ ಸಿರಿಯಾ, ಅಫ್ಘಾನಿಸ್ತಾನ ಮೊದಲಾದೆಡೆಗಳಿಂದ ದೇಶ ತೊರೆದು ಬಂದ ಕಲಾವಿದರದೇ ಒಂದು ತಂಡವನ್ನು ಕಟ್ಟಿತು; ಸಂಭಾಷಣೆಯ ಇಂಗ್ಲಿಷ್ ಅನುವಾದವನ್ನು ವೇದಿಕೆಯ ಮೇಲೆ ಮೂಡಿಸಿತು. ಕೊಡವ ತಕ್ಕ್, ಅರೆಭಾಷೆ, ಕನ್ನಡಗಳೆಲ್ಲ ಕೇಳಿಬರುವ ನಮ್ಮ ಜಿಲ್ಲೆಯ ರಂಗಮಂದಿರಗಳಿಗೂ ಈ ಉಪಾಯ ಒದಗೀತು. ಪ್ರೊಜೆಕ್ಟರ್ ಸುಲಭವಾಗಿ ಸಿಗುತ್ತದೆ, ನಾಟಕದ ಲಯ ಬಲ್ಲ ಅನುವಾದಕರನ್ನೇ ಹುಡುಕಬೇಕು.