ತಲೆ ಮೇಲೆ ಬೆಳಕಿನ ಬಳೆ ಅಂದ್ರೆ ‘ದಿ ಸೇಂಟ್’
ಹಿಂದೆ ನೋಡಿದ ಟಿವಿ ಧಾರಾವಾಹಿಯ ಕಂತೊಂದು ಯಾವುದು ಅಂತ ಕೇಳಿದ್ದೀರಿ. ಒಡವೆ ಕಳ್ಳರ ಕಥೆ, ಕಪ್ಪು-ಬಿಳುಪು, ಹೀರೋ ತಲೆ ಮೇಲೆ ಬೆಳಕಿನ ಬಳೆ, ಬಿಳಿ ಕಾರು ಅಂದಿದ್ದೀರಿ. ಅದು ಬ್ರಿಟನ್ನಿನ ‘ದಿ ಸೇಂಟ್’ ಧಾರಾವಾಹಿ, ಅನುಮಾನವೇ ಬೇಡ. 1962ರಲ್ಲಿ ಶುರುವಾಯಿತು. ಹೀರೋ ಸೈಮನ್ ಟೆಂಪ್ಲರ್ ಆಗಿದ್ದವರು ರೋಜರ್ ಮೂರ್, ಮುಂದೆ ಜೇಮ್ಸ್ ಬಾಂಡ್ ಆದವರೇ. ಕಾರು ವೋಲ್ವೊ ಪಿ1800, ನಂಬರ್ ಎಸ್‌ಟಿ 1.

ಆ ಬಳೆ ಬರುವ ಗಳಿಗೆ ನನಗೆ ತುಂಬಾ ಇಷ್ಟ. ಯಾರೋ ಟೆಂಪ್ಲರ್ ಹೆಸರು ಹೇಳುತ್ತಾರೆ, ಅವನು ಮೆಲ್ಲಗೆ ಕಣ್ಣೆತ್ತಿ ಮೇಲೆ ನೋಡುತ್ತಾನೆ, ಟೈಟಲ್ ಶುರು!

ಟೆಂಪ್ಲರ್ ಪತ್ತೇದಾರನಲ್ಲ. ಕಳ್ಳರಿಗೇ ಕೈಕೊಡುವ ಚಾಲಾಕಿ. ಅದಕ್ಕೇ ಸ್ಕಾಟ್ಲೆಂಡ್ ಯಾರ್ಡಿನ ಇನ್‌ಸ್ಪೆಕ್ಟರ್ ಟೀಲ್‌ಗೆ ಅವನ ಮೇಲೆ ಯಾವಾಗಲೂ ಗುಮಾನಿ. ನೀವು ನೋಡಿದ ಕಂತನ್ನು ಹುಡುಕುವಾಗ ಕಪ್ಪು-ಬಿಳುಪಿನ ಮೊದಲ 71 ಕಂತುಗಳನ್ನು ಮಾತ್ರ ನೋಡಿ, ಆಮೇಲಿನ 47 ಬಣ್ಣದವು.