ಓದುಗರ ಪ್ರಶ್ನೆ: ಪಕ್ಕದ ಮನೆಯ ಗ್ಯಾಸ್, ನಡುವಿನ ಗೋಡೆ

ಪ್ರಶ್ನೆ: ನಮ್ಮದು ಹಳೇ ಹುಬ್ಬಳ್ಳಿಯ ಸಾಲುಮನಿ. ನಮ್ಮ ಪಡಸಾಲಿಗೂ ಪಕ್ಕದವರ ಅಡಗಿಮನಿಗೂ ನಡುವ ನಾಲ್ಕೂವರೆ ಇಂಚಿನ ಇಟ್ಟಂಗಿ ಗ್ವಾಡಿ. ಅಲ್ಲಿ ಗ್ಯಾಸ್ ಸೋರಿ ಸ್ಫೋಟ ಆದ್ರ ಗ್ವಾಡಿ ನಮ್ಮನ್ನ ಕಾಯತದ ಅಂತಾರ. ಖರೇ ಏನ್ರಿ?

ಉತ್ತರ: ಆ ಗೋಡೆಯನ್ನು ನಂಬಬೇಡಿ. ಸ್ಫೋಟದ ಒತ್ತಡಕ್ಕೆ ಮನುಷ್ಯನ ದೇಹಕ್ಕಿಂತ ಗೋಡೆಯೇ ಬಹಳ ಮೊದಲು ಸೋಲುತ್ತದೆ. ಕಿವಿತಮಟೆ ಹರಿಯಲು ಸುಮಾರು 35 ಕಿಲೊಪ್ಯಾಸ್ಕಲ್ (ಒತ್ತಡದ ಅಳತೆ) ಬೇಕು. ಕಬ್ಬಿಣವಿಲ್ಲದ ಇಟ್ಟಂಗಿ ಗೋಡೆ 7ರ ಆಸುಪಾಸಿನಲ್ಲೇ ಒಡೆಯಬಹುದು, ಕಿಟಕಿಯ ಗಾಜು ಅದಕ್ಕೂ ಮುಂಚೆ. ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಯ ಮೇಲೆ ಆ 7 ಕಿಲೊಪ್ಯಾಸ್ಕಲ್ ಎಂದರೆ ಆರೂವರೆ ಟನ್ನಿನ ನೂಕು. ಮೇಲಿನಿಂದ ಬರುವ ಭಾರವನ್ನು ಇಟ್ಟಂಗಿ ಚೆನ್ನಾಗಿ ಹೊರುತ್ತದೆ. ಮಗ್ಗುಲಿನಿಂದ ನೂಕಿದರೆ ಸಿಮೆಂಟಿನ ಸಂದುಗಳು ಬಿಚ್ಚಿಕೊಂಡು ಒಂದೊಂದೂ ಸುಮಾರು ಮೂರು ಕೆ.ಜಿ.ಯ ಇಟ್ಟಂಗಿಗಳು ನಿಮ್ಮ ಕಡೆಗೇ ಹಾರುತ್ತವೆ.

ಇದಕ್ಕೆ ಇಡೀ ಸಿಲಿಂಡರ್ ಸೋರಬೇಕಿಲ್ಲ. ಗಾಳಿಯಲ್ಲಿ ಶೇ. 2ರಷ್ಟು ಗ್ಯಾಸ್ ಬೆರೆತರೆ ಕಿಡಿ ಸಾಕು. ಹತ್ತಡಿಯ ಅಡುಗೆಮನೆಗೆ ಲೆಕ್ಕ ಹಾಕಿದರೆ, 14.2 ಕೆ.ಜಿ.ಯ ಸಿಲಿಂಡರಿನಲ್ಲಿ ಹೆಚ್ಚೂಕಡಿಮೆ ಒಂದು ಕೆ.ಜಿ. ಸೋರಿದರೆ ಸಾಕು. ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಹರಡುತ್ತದೆ, ಅಲ್ಲಿ ಇನ್ನೂ ಕಡಿಮೆ ಸಾಕು. ಎತ್ತರದ ಕಿಟಕಿ ತೆಗೆದರಷ್ಟೇ ಅದು ಹೋಗುವುದಿಲ್ಲ, ಬಾಗಿಲು ತೆರೆದಿರಬೇಕು.

ವಾಸನೆ ಗಾಢವಾಗಿದ್ದರೆ ಲೈಟು, ಫ್ಯಾನು, ಕರೆಗಂಟೆ ಯಾವುದನ್ನೂ ಮುಟ್ಟದೆ ಎರಡೂ ಮನೆಯವರು ಹೊರಬನ್ನಿ. ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಹೊರಗಿನಿಂದಲೇ ಮಾಡಿ. ಎದುರುಗಡೆ ಕಟ್ಟೆಯ ಮೇಲೆ ನಿಂತು ನೋಡುವುದು ನಮ್ಮಲ್ಲಿ ರೂಢಿ. ಗಾಜು, ಇಟ್ಟಂಗಿ ಮೊದಲು ಬರುವುದೇ ಅಲ್ಲಿಗೆ. ಬಾಗಿಲು, ಕಿಟಕಿಗಳ ನೇರಕ್ಕೆ ನಿಲ್ಲದೆ ಓಣಿಯ ತಿರುವು ದಾಟಿ, ಬೇರೆ ಕಟ್ಟಡದ ಮರೆಗೆ ಹೋಗಿ.

ಸ್ಫೋಟದ ನಂತರ ಸಾಮಾನು ತರಲು ಒಳಗೆ ಹೋಗಬೇಡಿ. ಉಳಿದು ನಿಂತ ಗೋಡೆಯಿಂದ ಅದರ ಎತ್ತರದ ಒಂದೂವರೆಯಷ್ಟಾದರೂ ದೂರವಿರಿ. ಮಾಳಿಗೆ ಮನೆಯಾದರೆ ಅಪಾಯ ಇನ್ನೂ ದೊಡ್ಡದು: ಒಂದಡಿ ಮಣ್ಣಿನ ಮಾಳಿಗೆ ಪ್ರತಿ ಚದರ ಮೀಟರಿಗೆ ಐದುನೂರು ಕೆ.ಜಿ. ತೂಗುತ್ತದೆ, ಗೋಡೆ ತುಸು ಸರಿದರೂ ಜಂತಿ ಜಾರುತ್ತದೆ.

ಪ್ರಶ್ನೆ: ಗಾಜು ಇಲ್ಲವೆ ಇಟ್ಟಂಗಿ ಚೂರು ಚುಚ್ಚಿಕೊಂಡರೆ ತೆಗೆಯಬೇಕೋ? (ಗದಗ)

ಉತ್ತರ: ಆಳಕ್ಕಿಳಿದಿದ್ದರೆ ತೆಗೆಯಬೇಡಿ. ಆ ಚೂರೇ ರಕ್ತನಾಳವನ್ನು ಒತ್ತಿ ಹಿಡಿದಿರಬಹುದು. ಅದರ ಎರಡೂ ಬದಿಗೆ ಬಟ್ಟೆ ಮಡಚಿ ಇಟ್ಟು ಒತ್ತಿ, ಅಲುಗಾಡದಂತೆ ಕಟ್ಟಿ, 108ಕ್ಕೆ ಕರೆ ಮಾಡಿ. ಕೈಕಾಲು ಗೋಡೆಯಡಿ ಸಿಕ್ಕು ತಾಸಿಗಿಂತ ಹೆಚ್ಚಾಗಿದ್ದರೆ ಎಷ್ಟು ಹೊತ್ತಾಯಿತೆಂದು ಸಿಬ್ಬಂದಿಗೆ ಮೊದಲೇ ಹೇಳಿ; ಒತ್ತಡ ಬಿಟ್ಟ ಕೂಡಲೇ ಸ್ನಾಯುವಿನ ವಿಷ ರಕ್ತಕ್ಕೆ ಸೇರಿ ಹೃದಯ, ಮೂತ್ರಪಿಂಡ ಕೆಡಬಹುದು. ಗಾಯವಿಲ್ಲದವರಿಗೂ ಕೆಲ ತಾಸಿನ ಬಳಿಕ ಉಸಿರು ಕಟ್ಟಿದರೆ, ಕಿವಿ ಕೇಳದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.