ಪ್ರತಿಕ್ರಿಯೆ: ಮನೆ ವಿಡಿಯೋಗೆ ಹಳೆಯ ಮಿನಿಡಿವಿ ಸಾಕೇ?

ಕಾರವಾರದಲ್ಲಿ ಮಗಳ ಯಕ್ಷಗಾನ ಹಿಡಿಯಲು ಹಳೆಯ ಮಿನಿಡಿವಿ (ಪುಟ್ಟ ಟೇಪ್ ಕ್ಯಾಸೆಟ್ಟಿನ ವಿಡಿಯೋ ಕ್ಯಾಮರಾ) ಸಾಕೇ ಎಂದು ಕೇಳಿದ್ದೀರಿ. ಬೇಡ. ಕ್ಯಾಸೆಟ್ಟಿಗೆ ಒಂದೇ ತಾಸು, ಕಂಪ್ಯೂಟರ್‌ಗೆ ಇಳಿಸಲೂ ಅಷ್ಟೇ ತಾಸು, ಮೇಲೆ ಕಂಪ್ಯೂಟರಿನಲ್ಲಿ ಫೈರ್‌ವೈರ್ ಎಂಬ ಹಳೆಯ ಬಗೆಯ ಕೇಬಲ್ ಪೋರ್ಟ್ ಬೇರೆ ಬೇಕು. ಎಸ್‌ಡಿ ಕಾರ್ಡ್ ಹಾಕುವ ಸೆಕೆಂಡ್‌ಹ್ಯಾಂಡ್ ಎವಿಸಿಎಚ್‌ಡಿ (ಎಚ್‌ಡಿ ವಿಡಿಯೋವನ್ನು ಫೈಲಾಗಿ ಉಳಿಸುವ ಬಗೆ) ಕ್ಯಾಮರಾ ನೋಡಿ. ಹಳೆಯ ಎಷ್ಟೋ ಮಾಡೆಲ್‌ಗಳು 64 ಜಿಬಿ ಕಾರ್ಡ್ ಓದುವುದಿಲ್ಲ. 32 ಜಿಬಿ ಹಾಕಿ, 17 ಎಂಬಿಪಿಎಸ್ (ಸೆಕೆಂಡಿಗೆ 17 ಮೆಗಾಬಿಟ್) ಗುಣಮಟ್ಟದಲ್ಲಿ ಸುಮಾರು 4 ತಾಸು ಹಿಡಿಸುತ್ತದೆ.

ಉದ್ದದ ರೆಕಾರ್ಡಿಂಗ್ ತುಂಡು ಫೈಲುಗಳಾಗಿ ಬೀಳುತ್ತದೆ. ಎಂಟಿಎಸ್ ಎಂಬ ಆ ವಿಡಿಯೋ ಫೈಲುಗಳನ್ನಷ್ಟೇ ಎಳೆದುಕೊಂಡು ಜೋಡಿಸಿದರೆ ಸೇರುವ ಜಾಗದಲ್ಲಿ ಭಾಗವತರ ಪದ ಕ್ಷಣ ಕಡಿದುಹೋಗಬಹುದು. ಕಾರ್ಡಿನ ಪೂರ್ತಿ ಫೋಲ್ಡರ್ ನಕಲು ಮಾಡಿ, ಕ್ಯಾಮರಾ ಕಂಪನಿಯ ಸಾಫ್ಟ್‌ವೇರ್‌ನಲ್ಲೇ ಜೋಡಿಸಿ. ವಿಡಿಯೋದಲ್ಲಿ ದೀಪ ಮಿನುಗಿದರೆ ಶಟರ್ 1/50 ಸೆಕೆಂಡಿಗೆ ಇಡಿ.

ಕೊಳ್ಳುವ ಮೊದಲು ಲೆನ್ಸಿಗೆ ಟಾರ್ಚ್ ಓರೆಯಾಗಿ ಬಿಡಿ. ನಮ್ಮ ಕರಾವಳಿಯ ತೇವಕ್ಕೆ ಒಳಗೆ ಜೇಡರಬಲೆಯಂತೆ ಬೂಸ್ಟು ಹಿಡಿದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.